ಮುಂಡು ಕಟ್ಟಿದ ಸ್ಟುಡಿಯೋ

ಮಣಿಪಾಲದಲ್ಲಿ ಓದುವ ಹುಡುಗ ರಜೆಗೆ ಊರಿಗೆ ಬಂದವನು "ಅಮ್ಮಾ, ಮನೆಯಲ್ಲೇ ಸ್ಟುಡಿಯೋ ಮಾಡ್ತೇನೆ" ಅಂದರೆ, ಆ ಮನೆಯ ಬಿಳಿ ಮುಂಡುಗಳಿಗೆ ಶನಿ ಹಿಡಿಯಿತೆಂದೇ ಲೆಕ್ಕ. ಒಂದು ಕಿಟಕಿಗೆ, ಒಂದು ಗೋಡೆಗೆ. ಅಜ್ಜ ಬೈರಾಸು ಸುತ್ತಿಕೊಂಡು ಕೂರಬೇಕು. ಫ್ರಿಜ್ಜಿನ ಜೊತೆ ಬಂದ ಥರ್ಮೋಕೋಲನ್ನು ನಾವು ಯಾರೂ ಬಿಸಾಡುವುದಿಲ್ಲವಲ್ಲ, ಆ ದೂರದೃಷ್ಟಿ ಈಗ ಫಲ ಕೊಡುತ್ತದೆ: ಕಿಟಕಿಗೆ ಎದುರಾಗಿ ನಿಲ್ಲಿಸಿದರೆ ನೆರಳಿನ ಬದಿಗೂ ಬೆಳಕು. ಕುಚ್ಚಲಕ್ಕಿ ತುಂಬಿದ ಬಟ್ಟೆಚೀಲದ ಮೇಲೆ ಫೋನ್ ಕೂರಿಸಿದರೆ ಟ್ರೈಪಾಡ್. ರಾತ್ರಿ ಅದೇ ಅಕ್ಕಿ ಗಂಜಿಗೆ.

ಇಷ್ಟಕ್ಕೆ ಸುಮ್ಮನಾಗುತ್ತಾನೆಯೇ? ಆನ್‌ಲೈನಿನಲ್ಲಿ ಸಾಫ್ಟ್‌ಬಾಕ್ಸ್ ನೋಡಲು ಶುರು. ಹಂಚಿನ ಮನೆ ಕೆಡವಿ ಟೆರೇಸು ಹೊಯ್ಸಿದ ದಿನವೇ ಗಾಜಿನ ಹಂಚನ್ನು ಗುಜರಿಗೆ ಹಾಕಿದವರು ನಾವು. ಅದು ಪುಕ್ಕಟೆ ಕೊಡುತ್ತಿದ್ದ ಬೆಳಕನ್ನು ಈಗ ಕಂತಿನಲ್ಲಿ ಕೊಳ್ಳುತ್ತೇವೆ. 19ನೇ ಶತಮಾನದ ಫೋಟೋಗ್ರಾಫರುಗಳು ದುಡ್ಡು ಸುರಿದು ಮಾಡಿಗೆ ಗಾಜು ಹಾಕಿಸಿಕೊಳ್ಳುತ್ತಿದ್ದರು, ಮಾರಾಯ್ರೆ! ಅದೂ ಬಿಸಿಲು ನೇರ ಬೀಳದ ಉತ್ತರದ ಕಡೆಗೆ. ಆದರೆ ಆ ಶಾಸ್ತ್ರ ಯುರೋಪಿನದು. ಉಡುಪಿ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಪುಣ್ಯಕ್ಕೆ ಜೂನ್ ಬಂದರೆ ಮೋಡ. ಆಕಾಶದಷ್ಟು ದೊಡ್ಡ ಸಾಫ್ಟ್‌ಬಾಕ್ಸ್, ಬಾಡಿಗೆಯಿಲ್ಲ. ಲೆನ್ಸಿಗೆ ಬೂಸಲು ಹಿಡಿಯುವುದು ಮಾತ್ರ ಅದರ ತೆರಿಗೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ.

ಮಾಡೆಲ್‌ಗಳಿಗೂ ಬರವಿಲ್ಲ. ಮಟ್ಟು ಗುಳ್ಳ ಬದನೆ ಕೂರಿಸಿ ನೋಡಿ. ಅದರ ಮಿರಿಮಿರಿ ಹೊಟ್ಟೆಯಲ್ಲಿ ಟ್ಯೂಬ್‌ಲೈಟು, ಕಿಟಕಿ ಸರಳು, ಫೋಟೋ ತೆಗೆಯುವವನ ಮಂಡೆ ಎಲ್ಲ ಕಾಣುತ್ತದೆ. ಲೈಟು ಆರಿಸಿ, ಕಿಟಕಿಗೆ ಮುಂಡು ಇಳಿಬಿಟ್ಟರೆ ಮರ್ಯಾದೆ ಉಳಿದೀತು. ಶಂಕರಪುರ ಮಲ್ಲಿಗೆಯದು ಬೇರೆಯೇ ಹಟ. ಬಿಳಿ ಬಟ್ಟೆಯ ಮೇಲೆ ಬಿಳಿ ಹೂ ಇಟ್ಟರೆ ಕ್ಯಾಮೆರಾ ಬೆದರಿ ಎಲ್ಲವನ್ನೂ ಬೂದಿ ಬಣ್ಣಕ್ಕೆ ತರುತ್ತದೆ, ಏಕೆಂದರೆ ಲೋಕವೆಲ್ಲ ನಡುಬಣ್ಣದ್ದೆಂದೇ ಅದರ ನಂಬಿಕೆ. ಎಕ್ಸ್‌ಪೋಷರನ್ನು ಪ್ಲಸ್ ಒಂದಕ್ಕೆ ಏರಿಸಬೇಕು, ಇಲ್ಲವೇ ಬಾಳೆಲೆಯ ಮೇಲಿಡಬೇಕು. ಕಾರ್ಕಳದ ಕರಿಕಲ್ಲಿನ ವಿಗ್ರಹವಾದರೆ ಇದರ ತಿರುಗುಮುರುಗು: ಕಪ್ಪನ್ನು ಬಿಳಿಚಿಸುತ್ತದೆ, ಮೈನಸ್ ಮಾಡಬೇಕು. 1432ರಿಂದ ಬಿಸಿಲಲ್ಲೇ ನಿಂತ ಅಲ್ಲಿನ 42 ಅಡಿಯ ಗೊಮ್ಮಟನಿಗೆ ಮಾತ್ರ ಯಾವ ಮುಂಡೂ ಸಾಲದು. ಅವನಿಗೆ ಬೇಕಾಗಿಯೂ ಇಲ್ಲ.

ಗುಳ್ಳ, ಮಲ್ಲಿಗೆ ಎಲ್ಲ ಮುಗಿಸಿ ಮನೆಯವರನ್ನು ಕೂರಿಸೋಣ ಅಂದರೆ ಒಬ್ಬರೂ ಬರುವುದಿಲ್ಲ. "ಕಾಪು ಲೈಟ್‌ಹೌಸಿಗೆ ಹೋಗುವ, ಅಲ್ಲಿ ಲಾಯ್ಕ ಬರ್ತದೆ" ಎಂದು ಅತ್ತೆಯ ಅಪ್ಪಣೆ. 1901ರ ಆ ದೀಪ ಇರುವುದು ಹಡಗಿಗೆ, ಅತ್ತೆಗಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಸಂಜೆ ಪಡುವಣ ಕಡಲಿಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುತ್ತಾರೆ. ಸೂರ್ಯ ಬೆನ್ನ ಹಿಂದೆ. ಕಡಲು ಚಂದ, ಆಕಾಶ ಚಂದ, ಮುಖಗಳೆಲ್ಲ ಮಸಿ.

"ಎಂತ ಮಾರಾಯ, ಮಣಿಪಾಲದಲ್ಲಿ ಇದನ್ನಾ ಕಲಿಸುವುದು?"