ಎತ್ತಿಕಟ್ಟು ಮೀಮಾಂಸೆ ಅಥವಾ ಆಟಗಾರನ ಮೊಣಕಾಲು ಬಯಲಿಗೆ ಬಂದ ಬಗೆ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಸಂಜೆ ಐದರ ಮೇಲೆ ಖಾಲಿ ಸೈಟು ಖಾಲಿ ಇರುವುದಿಲ್ಲ. ಅಲ್ಲಿನ ಟೆನಿಸ್ ಬಾಲ್ ಕ್ರಿಕೆಟ್ಟಿನ ಬಗ್ಗೆ ಬಲ್ಲವರು ರನ್ನು, ವಿಕೆಟ್ಟು, ಒಡೆದ ಕಿಟಕಿ ಗಾಜು ಇಷ್ಟನ್ನೇ ಲೆಕ್ಕವಿಟ್ಟು ಕೈತೊಳೆದುಕೊಂಡಿದ್ದಾರೆ. ಬ್ಯಾಟ್ ಹಿಡಿಯುವ ಮುನ್ನ ಲುಂಗಿಯ ಹಿರಿಯರು ಅದರ ಅಂಚೆತ್ತಿ ಮಂಡಿಯ ಮೇಲಕ್ಕೆ ಕಟ್ಟುವುದು, ಹುಡುಗ ಪ್ಯಾಂಟಿನ ಕಾಲನ್ನು ಎರಡು ಸುತ್ತು ಮಡಚುವುದು, ಪಕ್ಕದ ರಸ್ತೆಯಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿ ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸುವುದು: ಈ ಮೂರೂ ಒಂದೇ ಶಾಸ್ತ್ರದ ಸೂತ್ರಗಳೆಂಬುದು ಈ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷದವರು ಆಟದ ಉಡುಪು ಇರುವುದು ಅಂದಕ್ಕೆ ಎನ್ನುತ್ತಾರೆ. ಅವರ ಆಧಾರ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್. ಬೇಸ್‌ಬಾಲಿಗೆ ಮೊದಲ ಸಮವಸ್ತ್ರ ತಂದ ಈ ಮಹನೀಯರು 1849ರಲ್ಲಿ ನೀಲಿ ಉಣ್ಣೆಯ ಉದ್ದ ಪ್ಯಾಂಟು, ಬಿಳಿ ಫ್ಲಾನೆಲ್ ಅಂಗಿ, ಹುಲ್ಲಿನ ಟೋಪಿಯಲ್ಲಿ ಕಣಕ್ಕಿಳಿದರು. ಮದುವೆ ಮನೆಗೆ ಹೊರಟಂತಿತ್ತು. ಆದರೆ ಪಾದದವರೆಗಿನ ಪ್ಯಾಂಟು ಓಡುವವನ ಕಾಲಿಗೇ ತೊಡರಿಕೊಳ್ಳುತ್ತದೆ. 1868ರಲ್ಲಿ ಸಿನ್ಸಿನಾಟಿಯ ತಂಡ ಪ್ಯಾಂಟನ್ನು ಮೊಣಕಾಲಿಗೇ ನಿಲ್ಲಿಸಿ, ಕೆಳಗೆ ಕೆಂಪು ಕಾಲುಚೀಲ ಏರಿಸಿತು. ಜನ ಮೊದಲು ನಕ್ಕರು, ಆಮೇಲೆ ಎಲ್ಲರೂ ಅದನ್ನೇ ತೊಟ್ಟರು, ತಂಡದ ಹೆಸರೇ ಕೆಂಪು ಕಾಲುಚೀಲ ಎಂದಾಯಿತು. ನಮ್ಮಲ್ಲಿ ಕಚ್ಚೆ ಹಾಕಿ ಹೊಲಕ್ಕಿಳಿದವರು ಈ ಸತ್ಯ ಕಂಡುಕೊಂಡು ಎಷ್ಟೋ ಶತಮಾನವಾಗಿತ್ತು. ಪೇಟೆಂಟ್ ಮಾಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಅಷ್ಟೆ.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ದುರ್ಗಾಂಬಿಕಾ ಜಾತ್ರೆಯ ಜಂಗೀ ಕುಸ್ತಿಗೆ ಹೋಗಬೇಕು. ಪೈಲ್ವಾನನ ಮೈಮೇಲೆ ತೊಡೆಗೆ ಬಿಗಿದ ಚಡ್ಡಿಯೊಂದೇ. ಜಗ್ಗಲು ಅಂಗಿಯಿಲ್ಲ, ಕಾಲರಿಲ್ಲ. ಹಿಡಿತಕ್ಕೆ ಬೇರೆ ದಾರಿಯಿಲ್ಲದೆ ಅವನು ಬಗ್ಗಿ ಒಂದು ಹಿಡಿ ಕೆಮ್ಮಣ್ಣೆತ್ತಿ ಎದುರಾಳಿಯ ಬೆವೆತ ಹೆಗಲಿಗೆ ಸವರುತ್ತಾನೆ. ಬಟ್ಟೆ ಮಾಡಬೇಕಾದ ಕೆಲಸವನ್ನು ಮಣ್ಣು ಮಾಡುತ್ತದೆ. ಮ್ಯಾಟಿನ ಕುಸ್ತಿಯಲ್ಲಾದರೋ ಬಟ್ಟೆಗೆ ಬೇರೆಯೇ ಕೆಲಸ: ಒಬ್ಬನ ಉಡುಪು ಕೆಂಪು, ಇನ್ನೊಬ್ಬನದು ನೀಲಿ. ತೀರ್ಪುಗಾರನ ಒಂದೊಂದು ಮಣಿಕಟ್ಟಿಗೂ ಒಂದೊಂದು ಬಣ್ಣ. ಯಾವ ಕೈ ಎತ್ತಿದರೆ ಯಾರಿಗೆ ಪಾಯಿಂಟು ಎಂದು ಕೊನೆಯ ಸಾಲಿನ ಅಜ್ಜನಿಗೂ ಗೊತ್ತಾಗುತ್ತದೆ.

ಮತ್ತೆ ಬೇಸ್‌ಬಾಲಿಗೆ ಬಂದರೆ, ಪ್ಯಾಂಟು ಗಿಡ್ಡವಾದರೂ ಅಮೆರಿಕದವರಿಗೆ ಉಣ್ಣೆಯ ವ್ಯಾಮೋಹ ಮಾತ್ರ ಬಿಡಲಿಲ್ಲ. ಬೆವರು ಕುಡಿದು ಭಾರವಾಗುವ ಆ ಫ್ಲಾನೆಲ್ಲಿಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಬೆನ್ನು ತಿರುಗಿಸಿ ಹೆಣೆದ ಸಿಂಥೆಟಿಕ್ ಬಟ್ಟೆ ತೊಟ್ಟದ್ದು 1970ರಲ್ಲಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನವರು, ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದಲೇ ನಾರು ತೆಗೆಯುವುದನ್ನು ಬಲ್ಲವರು, ಏಪ್ರಿಲ್ ಬಿಸಿಲಲ್ಲಿ ಕೂತು ಇದನ್ನು ಓದಿದರೆ ಮೈಯೆಲ್ಲ ನವೆಯೇಳುತ್ತದೆ.

ಕಾಲುಚೀಲಕ್ಕೂ ಒಂದು ಕಾಂಡವುಂಟು. 1905ರಲ್ಲಿ ನ್ಯಾಪ್ ಲಾಜೋಯ್ ಎಂಬ ಹೆಸರಾಂತ ಬೇಸ್‌ಬಾಲ್ ಆಟಗಾರನ ಕಾಲಿಗೆ ಎದುರಾಳಿಯ ಬೂಟಿನ ಮೊಳೆ ಚುಚ್ಚಿ ಗಾಯ ನಂಜಾಯಿತು. ಚೀಲದ ಬಣ್ಣವೇ ರಕ್ತಕ್ಕಿಳಿದಿದೆ ಎಂದು ಆಗಿನವರು ನಂಬಿದರು. ಹೀಗಾಗಿ ಒಳಗೊಂದು ಬಣ್ಣವಿಲ್ಲದ ಬಿಳಿ ಚೀಲ, ಮೇಲೊಂದು ಬಣ್ಣದ್ದು. ಗಟ್ಟಿ ಬಣ್ಣ ಬಂದು ಅಂಜಿಕೆ ಹೋದಮೇಲೂ ಎರಡು ಚೀಲ ಬಹುಕಾಲ ಉಳಿದವು.

ಕಾರಣ ಹೋಗಿ ಆಚಾರ ಉಳಿಯುವ ಈ ರೋಗದ ಶುದ್ಧ ಮಾದರಿ ಬಡಾವಣೆಯಲ್ಲೇ ಸಿಗುತ್ತದೆ. ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ, ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ಅವರಂಥ ಬೌಲರು ಚರ್ಮದ ಚೆಂಡನ್ನು ತೊಡೆಗೆ ಉಜ್ಜುವುದಕ್ಕೆ ಅರ್ಥವಿದೆ: ಒಂದು ಮಗ್ಗುಲು ಹೊಳೆದರೆ ಚೆಂಡು ಗಾಳಿಯಲ್ಲಿ ಹೊರಳುತ್ತದೆ. ಬಿಳಿ ಪ್ಯಾಂಟಿನ ಕೆಂಪು ಕಲೆ ಅದರ ರಸೀದಿ. ಆದರೆ ಖಾಲಿ ಸೈಟಿನ ಬೌಲರು ಜುಂಗೆದ್ದ ಟೆನಿಸ್ ಚೆಂಡನ್ನು ಅಷ್ಟೇ ಶ್ರದ್ಧೆಯಿಂದ ಉಜ್ಜುತ್ತಾನೆ, ಬೆಳಕಿಗೆ ಹಿಡಿದು ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಏಕೆಂದು ಕೇಳಿದರೆ ಉತ್ತರ: ‘ಟೀವಿಯಾಗ ಹಂಗ ಮಾಡ್ತಾರಲ್ರೀ.’ ಶಾಸ್ತ್ರದಲ್ಲಿ ಇದಕ್ಕೆ ಶಬ್ದಪ್ರಮಾಣ ಎನ್ನುತ್ತಾರೆ.

ಅತಿ ಶಾಸ್ತ್ರವೂ ಕೆಟ್ಟದ್ದೆಂಬುದಕ್ಕೆ 1882 ಸಾಕ್ಷಿ. ಆ ವರ್ಷ ಅಮೆರಿಕದ ಬೇಸ್‌ಬಾಲಿನ ನ್ಯಾಷನಲ್ ಲೀಗ್ ತಂಡಕ್ಕಲ್ಲ, ಸ್ಥಾನಕ್ಕೊಂದು ಬಣ್ಣದ ರೇಷ್ಮೆ ಅಂಗಿ ಹಂಚಿತು: ಚೆಂಡೆಸೆಯುವ ಪಿಚರ್‌ಗೆ ತಿಳಿನೀಲಿ, ಹಿಡಿಯುವ ಕ್ಯಾಚರ್‌ಗೆ ಕಡುಗೆಂಪು. ಎರಡೂ ತಂಡದ ಪಿಚರ್‌ಗಳಿಗೆ ಒಂದೇ ಅಂಗಿ. ಯಾರು ನಮ್ಮವರೆಂದು ತಿಳಿಯಲು ಕಾಲುಚೀಲ ನೋಡಬೇಕು. ಸೀಸನ್ ಮುಗಿಯುವ ಮೊದಲೇ ಲೀಗು ಕೈಬಿಟ್ಟಿತು. ಬಡಾವಣೆಗೆ ಈ ಪದ್ಧತಿ ತರಲು ಇನ್ನೊಂದು ತೊಡಕಿದೆ. ಮೊದಲು ಬ್ಯಾಟಿಂಗ್ ಮಾಡುವ, ಅಂಪೈರಿಂಗೂ ಮಾಡುವ, ಔಟಾದರೆ ಬ್ಯಾಟೆತ್ತಿಕೊಂಡು ಮನೆಗೆ ನಡೆಯುವ ‘ಬ್ಯಾಟಿನ ಮಾಲೀಕ’ ಎಂಬ ಸ್ಥಾನಕ್ಕೆ ಅಮೆರಿಕದವರು ಬಣ್ಣವನ್ನೇ ಗೊತ್ತುಮಾಡಿರಲಿಲ್ಲ. ಸದ್ಯಕ್ಕೆ ಆತ ಶಾಲೆಯ ಬಿಳಿ ಅಂಗಿಯಲ್ಲೇ ಕ್ರೀಸಿನಲ್ಲಿದ್ದಾನೆ. ಕಾಂಪೌಂಡಿನಾಚೆಯಿಂದ ಅವನಮ್ಮ ಕೂಗುತ್ತಿದ್ದಾರೆ: ‘ಯೂನಿಫಾರಂ ಬಿಚ್ಚಿಟ್ಟು ಹೋಗೋ, ನಾಳೆ ಏನ್ ಹಾಕ್ಕೊಂಡ್ ಹೋಗ್ತಿ?’