ಹತ್ತು ಗಾಲಿಯ ಮೇಲೊಂದು ಎಸಿ

ನಮ್ಮ ಮನೆಗೂ ಎಸಿ ಇದೆ. ಆದರೆ ಅದಕ್ಕೆ ಹತ್ತು ಗಾಲಿಗಳಿವೆ, ವಾರದ ಬಹುಪಾಲು ಅದು ಅದಿರು ಹೊತ್ತು ಸಂಡೂರು–ತೋರಣಗಲ್ಲು ರಸ್ತೆಯ ಮೇಲಿರುತ್ತದೆ, ಅದರ ತಂಪು ಡ್ರೈವರ್ ಈರಣ್ಣನ ಪಾಲು. ಮನೆಯೊಳಗಿರುವ ನಮ್ಮ ಪಾಲಿಗೆ ಫ್ಯಾನು. ಅದನ್ನು ಮೂರಕ್ಕಿಟ್ಟರೆ ಫ್ಯಾನು ಕಿರುಗುಟ್ಟುತ್ತದೆ, ನಾಲ್ಕಕ್ಕಿಟ್ಟರೆ ಅವ್ವ.

ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುವುದು ಹಳೇ ಮಾತು. 2021ರಲ್ಲಿ ನಮ್ಮ ಹೊಸಪೇಟೆ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಯಾಯಿತು. ಬಿಸಿಲಿಗೆ ಮಾತ್ರ ಆ ಆದೇಶದ ಪ್ರತಿ ಇನ್ನೂ ಮುಟ್ಟಿದಂತಿಲ್ಲ.

ಈಗ ಲಾರಿಯ ಎಸಿಗೆ ಕಾನೂನೇ ಬಂದಿದೆ. 2025ರಲ್ಲಿ ಜಾರಿಯಾದ ನಿಯಮದಂತೆ, ಹೊಸದಾಗಿ ತಯಾರಾಗುವ, ಮೂರೂವರೆ ಟನ್ ಮೀರಿದ ಸರಕು ಗಾಡಿಗಳ ಕ್ಯಾಬಿನ್‌ಗೆಲ್ಲ ಎಸಿ ಕಡ್ಡಾಯ. ನಮ್ಮದು ಅದಕ್ಕಿಂತ ಮುಂಚಿನ ಗಾಡಿ. ಆಗಲೇ ಎಸಿ ಇರುವ ಮಾಡೆಲ್ ತಗೊಂಡದ್ದು ಡ್ರೈವರ್ ಮೇಲಿನ ಕರುಣೆಯಿಂದ ಎಂದು ಊರ ತುಂಬ ಹೇಳಿಕೊಂಡು ಬಂದಿದ್ದೇನೆ. ಒಳಗಿನ ಕಥೆ ಬೇರೆ. ಹಳೇ ಲಾರಿಯ ಕಾಲದಲ್ಲಿ ಏಪ್ರಿಲ್‌ನಲ್ಲಿ ಊರ ಜಾತ್ರೆಗೆಂದು ಹೋದ ಡ್ರೈವರ್‌ಗಳು ಮುಂಗಾರು ಬಿದ್ದ ಮೇಲೇ ತಿರುಗಿ ಬರುತ್ತಿದ್ದರು. ಅಷ್ಟು ಉದ್ದದ ಜಾತ್ರೆ ಯಾವ ದೇವರದ್ದೋ ಕಾಣೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಿತು. ಈರಣ್ಣ ಬಂದು ತಲೆ ಕೆರೆದುಕೊಂಡು ನಿಂತ. “ಸಾವ್ಕಾರ್ರೇ, ಎಸಿ ಬರೇ ಗಾಳಿ ಹೊಡೀತೈತಿ, ತಣ್ಣಗೆ ಬರವಲ್ದು.”

“ಗ್ಯಾಸ್ ಖಾಲಿ,” ಅಂದೆ. ಪೇಪರಿನಿಂದ ಕಣ್ಣು ಎತ್ತಲೂ ಇಲ್ಲ. ಈ ರೋಗನಿರ್ಣಯದಲ್ಲಿ ನನಗೆ ದೀರ್ಘ ಅನುಭವವಿದೆ. ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸು, ಅವ್ವನಿಗೆ ಎದೆ ಉರಿದರೆ ಗ್ಯಾಸು, ಒಲೆ ಹತ್ತದಿದ್ದರಂತೂ ಗ್ಯಾಸೇ.

ಆದರೂ ತಪಾಸಣೆ ಇಲ್ಲದೆ ದುಡ್ಡು ಬಿಚ್ಚುವ ಪೈಕಿ ನಾನಲ್ಲ. ಮೊಮ್ಮಗನ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತಂದು ಕ್ಯಾಬಿನ್ ಹತ್ತಿ, ಗಾಳಿ ಬರುವ ಕಿಂಡಿಗೆ ಹಿಡಿದೆ. ಅದು ಕುಯ್ ಎಂದು ಕೂಗಿ ‘ಲೋ’ ಎಂದು ತೋರಿಸಿತು. ಮನೆಯಲ್ಲಿ ನನ್ನನ್ನು ಹಾಗೆ ಕರೆಯುವ ಹಕ್ಕು ಅವ್ವನಿಗೆ ಮಾತ್ರ. ಮೂವತ್ತೆರಡು ಡಿಗ್ರಿಗಿಂತ ಕೆಳಗಿನದನ್ನು ಅದು ಅಳೆಯುವುದೇ ಇಲ್ಲ ಎಂದು ಮೊಮ್ಮಗನೇ ತಿಳಿಸಿಕೊಟ್ಟ. ಮನೆಯಾಕೆ ಅದನ್ನು ಕಿತ್ತುಕೊಂಡು, ಡೆಟಾಲ್ ಹಾಕಿ ತೊಳೆದು, ನನ್ನ ಕೈಗೆ ಸಿಗದ ಕಡೆ ಇಟ್ಟಳು.

ಕೊನೆಗೆ ಬೈಪಾಸ್ ಪಕ್ಕದ ಎಸಿ ಮೇಸ್ತ್ರಿಯನ್ನು ಮನೆ ಮುಂದಕ್ಕೇ ಕರೆಸಿದೆ. ಯುಗಾದಿ ದಾಟಿದರೆ ಅವನು ಫೋನ್ ಎತ್ತುವುದಿಲ್ಲ. ಆಗ ಅವನ ಶೆಡ್ಡಿನ ಮುಂದೆ ಲಾರಿಗಳ ಸಾಲು ಹೆದ್ದಾರಿ ಮುಟ್ಟಿರುತ್ತದೆ. “ಗ್ಯಾಸ್ ತುಂಬಿಬಿಡಪ್ಪ,” ಎಂದೆ, ಉದಾರವಾಗಿ. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಗ್ಯಾಸ್ ಏನು ಡೀಸೆಲ್ಲಾ ಸಾವ್ಕಾರ್ರೇ, ಸುಟ್ಟು ಖಾಲಿಯಾಗೋಕೆ? ಪೈಪೊಳಗೇ ಸುತ್ತತಿರ್ತದ. ಕಮ್ಮಿ ಆಗೇತಿ ಅಂದ್ರ ಎಲ್ಲೋ ಲೀಕ್ ಐತಿ. ಮೊದಲು ಲೀಕ್ ಹುಡುಕ್ರಿ.”

ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಈ ಮಾತನ್ನು ಕಿವಿಗೊಟ್ಟು ಕೇಳಿದಳು. ಅವಳು ಅಷ್ಟು ಶ್ರದ್ಧೆಯಿಂದ ಪುರಾಣವನ್ನೂ ಕೇಳಿದವಳಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೇಸ್ತ್ರಿ ಪಾಠ ಮುಂದುವರಿಸಿದ. ಒಳಗಿರುವುದು ಆರ್ 134ಎ ಎಂಬ ಗ್ಯಾಸು. ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು. ಕಂಪ್ರೆಸರ್ ಅದನ್ನು ಹಿಂಡುತ್ತದೆ, ಮುಂದಿನ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಕ್ಯಾಬಿನ್ನಿನ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತ ಅಲ್ಲಿನ ಸೆಕೆಯನ್ನು ಹೀರಿಕೊಳ್ಳುತ್ತದೆ. ಲೀಕ್ ಮುಚ್ಚದೆ ಮೇಲಿಂದ ಮೇಲೆ ತುಂಬಿಸಿದರೆ ಅದು ಸೇರುವುದು ಆಕಾಶವನ್ನು. ಅಲ್ಲಿ ಈ ಗ್ಯಾಸಿನ ಒಂದು ಕಿಲೋ ಭೂಮಿ ಕಾಯಿಸುವುದರಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಈರಣ್ಣನನ್ನು ತಂಪು ಮಾಡಲು ಹೋಗಿ ಹೊಸಪೇಟೆಯನ್ನು ಇನ್ನಷ್ಟು ಕಾಯಿಸುವ ಯೋಜನೆ ನನ್ನದಾಗಿತ್ತು. ಹೊಸಪೇಟೆಗೆ ಈ ವಿಷಯದಲ್ಲಿ ನನ್ನ ಸಹಾಯ ಬೇಕಿರಲಿಲ್ಲ.

ಮೇಸ್ತ್ರಿ ಸಾಬೂನು ನೊರೆಯನ್ನು ಬ್ರಶ್ಶಿನಿಂದ ಒಂದೊಂದೇ ಜಾಯಿಂಟಿಗೆ ಬಳಿಯುತ್ತ ಬಂದ. ಕಂಪ್ರೆಸರ್ ಪಕ್ಕದ ಒಂದು ಜಾಯಿಂಟಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಒಳಗಿನ ರಬ್ಬರ್ ಓರಿಂಗ್ ಒಣಗಿತ್ತು. “ಚಳಿಗಾಲದಾಗ ಎಸಿ ಹಾಕೇ ಇಲ್ಲೇನು? ಗ್ಯಾಸಿನ ಜೊತೀಗೆ ಆಯಿಲ್ ಸುತ್ತತದ, ಅದೇ ರಬ್ಬರಿಗೆ ಜೀವ. ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಬೇಕು.” ಈರಣ್ಣ ನನ್ನ ಕಡೆ ನೋಡಿದ. ದೀಪಾವಳಿಯಿಂದ ಎಸಿ ಮುಟ್ಟಕೂಡದೆಂಬ ಆಜ್ಞೆ ನನ್ನದೇ. ಕಂಪ್ರೆಸರ್ ಓಡುವುದು ಎಂಜಿನ್ನಿನ ಬಲದಿಂದ, ಎಂಜಿನ್ ಓಡುವುದು ನನ್ನ ಡೀಸೆಲ್ಲಿನಿಂದ. ನಾನು ಆಕಾಶ ನೋಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಲಾರಿಯ ಮುಂಜಾಲರಿಗೆ ನಾನೊಂದು ಸ್ಟೀಲ್ ಬೋರ್ಡ್ ಕಟ್ಟಿಸಿದ್ದೆ. ಮೇಲೆ ಮನೆದೇವರ ಹೆಸರು ಚಿಕ್ಕದಾಗಿ, ಕೆಳಗೆ ನನ್ನ ಹೆಸರು ದೊಡ್ಡದಾಗಿ. “ಇದರ ಹಿಂದೇ ಕಂಡೆನ್ಸರ್ ಐತಿ, ಗಾಳಿ ಹೆಂಗ ಆಡಬೇಕು?” ಎಂದ ಮೇಸ್ತ್ರಿ. ಬೋರ್ಡ್ ಬಿಚ್ಚಿದರೆ ಕಂಡೆನ್ಸರಿನ ಸಂದುಸಂದಿನಲ್ಲಿ ಕೆಂಪು ಅದಿರಿನ ಧೂಳು, ಅಂಟಿಕೊಂಡು ಸತ್ತ ಚಿಟ್ಟೆಗಳು, ಆಯುಧಪೂಜೆಯ ಚೆಂಡುಹೂವಿನ ಒಣಗಿದ ಎಸಳುಗಳು, ಯಾವಾಗಲೋ ದೃಷ್ಟಿಗೆಂದು ಕಟ್ಟಿದ್ದ ನಿಂಬೆಹಣ್ಣಿನ ಅರ್ಧ ಸಿಪ್ಪೆ. ದೃಷ್ಟಿ ತಾಗದಂತೆ ಮಾಡಿದ ವ್ಯವಸ್ಥೆ ಎಷ್ಟು ಭದ್ರವಾಗಿತ್ತೆಂದರೆ ಗಾಳಿಯೂ ತಾಗಿರಲಿಲ್ಲ.

ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ನಿನಿಂದ ಒಂದೇ ಏಟಿಗೆ ಹೊಡೆಸಿಬಿಡೋಣ ಎಂದೆ. ಅದರ ಎಲೆಗಳು ತಗಡಿಗಿಂತ ತೆಳು, ಬಗ್ಗಿ ಮುಚ್ಚಿಕೊಂಡರೆ ಕಂಡೆನ್ಸರೇ ಬದಲಿಸಬೇಕು ಎಂದು ಅವನು ತಡೆದ. ಸಾದಾ ಪೈಪಿನ ನೀರು, ಮೆತ್ತನೆ ಬ್ರಶ್ಶು, ಎಲೆ ನಿಂತ ದಿಕ್ಕಿಗೇ ಮೇಲಿಂದ ಕೆಳಗೆ. ಕೂಲಿ ಉಳಿಯಲಿ ಎಂದು ನಾನೇ ಕೂತು ತೊಳೆದೆ. ಅವ್ವ ಜಗುಲಿಯಿಂದ ಕಣ್ಣರಳಿಸಿ ನೋಡಿದಳು. “ಏನವ್ವ, ಉಂಡ ತಾಟು ಎತ್ತದ ನನ್ನ ಮಗ ಇವನೇನ?”

ಆಮೇಲೆ ಕ್ಯಾಬಿನ್ ಫಿಲ್ಟರಿನ ಸರದಿ. ಅದೊಂದು ಇದೆ ಎನ್ನುವುದೇ ನನಗೆ ಹೊಸ ಸುದ್ದಿ. ಮೇಸ್ತ್ರಿ ಎಳೆದು ನೆಲಕ್ಕೆ ಬಡಿದ. ಬಿದ್ದ ಅದಿರಿನ ಗುಪ್ಪೆಗೆ ಪರ್ಮಿಟ್ ಇರಲಿಲ್ಲ, ರಾಯಲ್ಟಿ ಕಟ್ಟಿರಲಿಲ್ಲ. ಅಕ್ರಮ ಗಣಿಗಾರಿಕೆ ಮೇಲಿನ ಲೋಕಾಯುಕ್ತ ವರದಿ ಬಂದದ್ದು 2011ರಲ್ಲಿ, ಆಗ ಈ ಗಾಡಿ ಇನ್ನೂ ಹುಟ್ಟಿರಲಿಲ್ಲ. ಇಲ್ಲದಿದ್ದರೆ ನಮ್ಮ ಮನೆತನದ ಹೆಸರೂ ಅದರಲ್ಲಿರುತ್ತಿತ್ತು.

ಮೇಸ್ತ್ರಿ ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಓರಿಂಗ್ ಮತ್ತು ಡ್ರೈಯರ್ ಬದಲಿಸಿದ. ಒಳಗೆ ತೇವ ಉಳಿದರೆ ಗ್ಯಾಸ್ ನುಗ್ಗುವ ಸಣ್ಣ ಬಾಯಲ್ಲಿ ಮಂಜುಗಟ್ಟಿ ಕೂರುತ್ತದೆಂದು ವ್ಯಾಕ್ಯೂಮ್ ಪಂಪ್ ಹಚ್ಚಿ, ಕೊನೆಗೆ ಗ್ಯಾಸನ್ನು ಬಂಗಾರದಂಗಡಿಯವರ ಹಾಗೆ ತೂಕ ಮಾಡಿ ಹಾಕಿದ.

ಎಂಜಿನ್ ಶುರುವಾಯಿತು. ಕ್ಯಾಬಿನ್ ತಣ್ಣಗಾಯಿತು. ಲಾರಿ ಕೆಳಗೆ ನೀರು ತೊಟ್ಟಿಕ್ಕತೊಡಗಿತು. “ಅಯ್ಯೋ, ಮತ್ತೆ ಲೀಕ್!” ಎಂದು ಕೂಗಿದವನು ನಾನೊಬ್ಬನೇ. ತಣ್ಣಗಿನ ಕಾಯಿಲಿಗೆ ಗಾಳಿಯ ತೇವ ತಾಗಿ ಇಳಿಯುವ ನೀರದು, ಅದು ಹೊರಹೋಗುವ ಪೈಪ್ ಕಟ್ಟಿಕೊಂಡರೆ ಕ್ಲೀನರ್ ಹುಡುಗನ ಕಾಲ ಮೇಲೆ ಸುರಿಯುತ್ತದಂತೆ. ಮನೆಯಾಕೆ ಮಾತಾಡದೆ ಅದರ ಕೆಳಗೊಂದು ಬಕೆಟ್ ಇಟ್ಟಳು. ಅವ್ವ ಸ್ಟೂಲ್ ಹಾಕಿಸಿಕೊಂಡು ಕ್ಯಾಬಿನ್ ಹತ್ತಿ, ಹಿಂದಿನ ಬರ್ತಿನಲ್ಲಿ ಅಡ್ಡಾಗಿ, ಸಂಜೆ ಚಹಾಕ್ಕೆ ಕರೆದರೂ ಇಳಿಯಲಿಲ್ಲ. ಡೀಸೆಲ್ ಮುಳ್ಳು ನೋಡಲಾಗದೆ ನಾನು ಒಳಗೆ ಹೋದೆ.

ಒಳಗೆ ಮನೆಯಾಕೆ ಲೆಕ್ಕದ ಪುಸ್ತಕ ಹರವಿಕೊಂಡು ಕೂತಿದ್ದಳು. “ಲಾರಿ ಬಾಡಿಗೆ ತಿಂಗಳಾ ತಿಂಗಳಾ ಬರ್ತದ. ಹದಿನೈದನೇ ತಾರೀಕಿಗೆ ಕಮ್ಮಿ ಬೀಳ್ತದ. ನೀವು ಪ್ರತಿಸಲ ‘ಖರ್ಚಾತು’ ಅಂತೀರಿ. ಮೇಸ್ತ್ರಿ ಏನಂದ? ಕಮ್ಮಿ ಆಗೇತಿ ಅಂದ್ರ ಎಲ್ಲೋ ಲೀಕ್ ಐತಿ.”

“ಅದು ಗ್ಯಾಸಿನ ಮಾತು,” ಎಂದೆ.

“ಹುಡುಕೋ ರೀತಿ ಒಂದೇ,” ಎಂದವಳು, ಒಗೆಯಲು ತೆಗೆದಿಟ್ಟಿದ್ದ ನನ್ನ ಅಂಗಿಯನ್ನು ಸಾಬೂನು ನೀರಿಗೆ ಅದ್ದುವ ಮೊದಲು ಜೇಬು ತಿರುವಿದಳು. ಬಸ್ ಸ್ಟ್ಯಾಂಡ್ ಪಕ್ಕದ ಮಿರ್ಚಿ ಬಂಡಿಯ ಎಣ್ಣೆ ಕಾಗದ, ಇಸ್ಪೀಟು ಕ್ಲಬ್ಬಿನ ಚೀಟಿ, ಇನ್ನೊಂದು ಸ್ಟೀಲ್ ಬೋರ್ಡಿಗೆ ಕೊಟ್ಟ ಮುಂಗಡದ ರಸೀದಿ ಸಾಲಾಗಿ ಹೊರಬಂದವು. ಅಂದಿನಿಂದ ಬಾಡಿಗೆ ದುಡ್ಡು ಅವಳ ಕೈಯಲ್ಲಿದೆ. ನನಗೆ ಪ್ರತಿ ಸೋಮವಾರ ಕೈಖರ್ಚಿಗೆ ಸಿಗುತ್ತದೆ, ತೂಕ ಮಾಡಿ.