ಭಾವನ ಟೈಮ್‌ಟೇಬಲ್

ಬೆಳಿಗ್ಗೆ 5:40ಕ್ಕೆ ಹೊರಡಬೇಕಿತ್ತು. 5:52 ಆಯಿತು. ಆ ಹನ್ನೆರಡು ನಿಮಿಷವನ್ನು ಭಾವ ಅಕ್ಕನ ಖಾತೆಗೆ ಬರೆದಿಟ್ಟಿದ್ದಾರೆ; ಇವತ್ತಿಗೂ ಮನ್ನಾ ಮಾಡಿಲ್ಲ.

ಏಪ್ರಿಲ್ ಮೊದಲ ವಾರ. ಅಟ್ಲಾಂಟಾದ ಪೈನ್ ಮರಗಳು ಪರಾಗ ಉದುರಿಸಿ, ಬೀದಿಯ ಕಾರುಗಳೆಲ್ಲ ಅರಿಶಿನ ಶಾಸ್ತ್ರ ಮುಗಿಸಿಕೊಂಡ ಮದುಮಕ್ಕಳ ಹಾಗೆ ನಿಂತಿದ್ದವು. ಮಕ್ಕಳಿಗೆ ರಜೆ, ನಮಗೆ ಮರ್ಟಲ್ ಬೀಚ್. ಹಿಂದಿನ ಸೀಟಿನಲ್ಲಿ ನಾನು, ಇಬ್ಬರು ಮಕ್ಕಳು, ಮಧ್ಯೆ ಪುಳಿಯೋಗರೆ ಡಬ್ಬಿ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಎಕ್ಸೆಲ್ ಹಾಳೆಯಲ್ಲಿ ಸಮುದ್ರಕ್ಕೆ ಎರಡು ಗಂಟೆ, ಸೂರ್ಯಾಸ್ತಕ್ಕೆ ಹದಿನೈದು ನಿಮಿಷ.

"ನೀರು ಕೊಲಂಬಿಯಾ ದಾಟಿದ ಮೇಲೆ ಕುಡಿಯಿರಿ" ಎಂದರು ಭಾವ. ಕಾರಣ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು.

ಊರು ನೋಡುವುದಕ್ಕಲ್ಲ, ಊರು ಮುಟ್ಟುವುದಕ್ಕೆ ಪ್ರವಾಸ ಹೋಗುವವರ ಕುಲತಿಲಕ ಅವರು. ಜಿಪಿಎಸ್ 11:48 ಎಂದರೆ 11:44ಕ್ಕೆ ಮುಟ್ಟಿ, ಯಂತ್ರವನ್ನು ಸೋಲಿಸಿದ ಖುಷಿಯಲ್ಲಿ ಮೀಸೆ ತಿರುವುತ್ತಾರೆ. ಅವತ್ತು ಆಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಜನಜಾತ್ರೆ, ಇಪ್ಪತ್ತೈದು ನಿಮಿಷ ಅಲ್ಲೇ ಹೋಯಿತು. "ಇಷ್ಟು ಸಣ್ಣ ಚೆಂಡಿಗೆ ಇಷ್ಟು ಜನವೇ?" ಎಂದು ಸ್ಟೀರಿಂಗಿಗೆ ಗುದ್ದಿದರು.

ಹೀಗಿರುವಾಗ ಅಕ್ಕ, "ರೀ, ಬಿಷಪ್‌ವಿಲ್‌ನಲ್ಲಿ ಆ ಗಿಡ ಕತ್ತರಿಸಿದ ತೋಟ..." ಎಂದು ರಾಗ ಎಳೆದಳು. ಹಾಳೆಯಲ್ಲಿ ಅದಕ್ಕೂ ಜಾಗವಿತ್ತು: 20 ನಿಮಿಷ, ಟಾಯ್ಲೆಟ್ ಸೇರಿ.

ಪರ್ಲ್ ಫ್ರಯರ್ ತಮ್ಮ ಮನೆಯ ಸುತ್ತ ಮೂರು ಎಕರೆಯಲ್ಲಿ ಮಾಡಿದ ತೋಟ ಅದು. ಟಿಕೆಟ್ ಇಲ್ಲ, ಮನಸ್ಸಿದ್ದರೆ ಕಾಣಿಕೆ. ಭಾವನಿಗೆ ಇದಕ್ಕಿಂತ ಕಷ್ಟದ ಲೆಕ್ಕ ಯಾರೂ ಕೊಟ್ಟಿರಲಿಲ್ಲ. ಐದು ಡಾಲರ್ ಹಾಕಿದರು. ಹೆಚ್ಚಾಯಿತೆನಿಸಿರಬೇಕು, ವಸೂಲಿಗೆಂದು ಒಂದು ಸುತ್ತು ಜಾಸ್ತಿ ನಡೆದರು. ಆ ಸುತ್ತಿನಲ್ಲೇ ಕೆಟ್ಟರು.

ಒಂದು ಮರ ಮೀನಿನ ಮುಳ್ಳಿನ ಹಾಗೆ, ಇನ್ನೊಂದು ಚಕ್ಕುಲಿ ಹಿಟ್ಟನ್ನು ಆಕಾಶಕ್ಕೆ ಒತ್ತಿದ ಹಾಗೆ. ನೆಲದಲ್ಲಿ ಪ್ರೀತಿ, ಶಾಂತಿ, ಸದ್ಭಾವ ಎಂದು ಇಂಗ್ಲಿಷಿನಲ್ಲಿ ಕೊರೆದ ಅಕ್ಷರಗಳು. ಭಾವ ಹೆಜ್ಜೆಯಲ್ಲೇ ಅಳೆದು, "ಎಂಟಡಿ ಇದೆ ಕಣೋ" ಎಂದರು.

ಫ್ರಯರ್ ಡಬ್ಬಿ ಮಾಡುವ ಕಾರ್ಖಾನೆಯ ಕೆಲಸಗಾರರಾಗಿದ್ದರು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು, ರಾತ್ರಿ ದೀಪ ಹಾಕಿಕೊಂಡು ಕತ್ತರಿಸುತ್ತಿದ್ದರಂತೆ. ಕಪ್ಪು ಜನ ಅಂಗಳ ಚೆನ್ನಾಗಿಟ್ಟುಕೊಳ್ಳುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಹಟಕ್ಕೆ ಕಾರಣ. ನರ್ಸರಿಯವರು ತಿಪ್ಪೆಗೆಸೆದ ಗಿಡಗಳನ್ನು ತಂದು ನೆಟ್ಟರು. 1985ರಲ್ಲಿ ಊರಿನ 'ತಿಂಗಳ ಅಂಗಳ' ಪ್ರಶಸ್ತಿ ಬಂತು. ಅಷ್ಟಕ್ಕೆ ಕತ್ತರಿ ಕೆಳಗಿಡಬಹುದಿತ್ತು, ಇಡಲಿಲ್ಲ. 2006ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರವೂ ಬಂತು. ಗಿಡ ಕತ್ತರಿಸುವುದನ್ನು ಅವರು ಕಲಿತದ್ದು ನರ್ಸರಿಯಲ್ಲಿ ಯಾರೋ ಮೂರು ನಿಮಿಷ ತೋರಿಸಿದ್ದನ್ನು ನೋಡಿ.

ಈ ಕತೆಯಲ್ಲಿ ಭಾವನ ಕಿವಿಗೆ ಹೊಕ್ಕದ್ದು 'ಮೂರು ನಿಮಿಷ' ಮಾತ್ರ.

ಇಪ್ಪತ್ತು ನಿಮಿಷ ಒಂದು ಗಂಟೆ ಹತ್ತು ನಿಮಿಷವಾಯಿತು. ಈಗ ಅಕ್ಕನೇ ಗಡಿಯಾರ ತೋರಿಸಿ ಕರೆಯಬೇಕಾಯಿತು. ಕಾರಿನಲ್ಲಿ ಭಾವ ಮೌನ. ಸಮುದ್ರದ ಎದುರೂ ಮೌನ. ವಾಪಸು ಬರುವಾಗ ಹಾರ್ಡ್‌ವೇರ್ ಅಂಗಡಿಯ ಮುಂದೆ ಕಾರು ತಾನಾಗಿ ನಿಂತಿತು.

ಮೊನ್ನೆ ಅಕ್ಕ ಫೋಟೋ ಕಳಿಸಿದ್ದಳು. ಮನೆ ಮುಂದಿನ ಬಾಕ್ಸ್‌ವುಡ್ ಪೊದೆ ಒಂದು ಕಡೆ ಬೋಳು, ಇನ್ನೊಂದು ಕಡೆ ಕೊಂಬು. ಭಾವನಿಗೆ ಫೋನ್ ಮಾಡಿದೆ.

"ನವಿಲು ಕಣೋ. ಬಾಲ ಮುಂದಿನ ಶನಿವಾರ, 9ರಿಂದ 9:40."

ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. "ಪಕ್ಕದ ಮನೆಯವರು ಬಂದು, ಪೊದೆಗೆ ಕಾರು ಗುದ್ದಿದವರನ್ನು ನಮ್ಮ ಕ್ಯಾಮೆರಾದಲ್ಲಿ ಹುಡುಕಿ ಕೊಡ್ತೀವಿ ಅಂತ ಹೇಳಿ ಹೋದರು. ಪಾಪ, ಒಳ್ಳೆಯ ಜನ."